ಯಾರ ಕಲ್ಯಾಣ?

ಕಲ್ಯಾಣ ಅನ್ನೋ ಹೆಸರಿಗೆ ಈಗ ಬಲು ಬೆಲೆ ಬಂದಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋದನ್ನ ಅಳಿಸಿ ಕಲ್ಯಾಣ ಕರ್ನಾಟಕ ಅಂತ ಬರೆದರು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಐನೂರು ಕೋಟಿ ರೂಪಾಯಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 2024ರ ಜನವರಿಯಲ್ಲಿ ಬಸವಣ್ಣ ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಸರ್ಕಾರ ಸಾರಿತು. 108 ಅಡಿಯ ಬಸವಣ್ಣನ ಪ್ರತಿಮೆ ಅದಕ್ಕೂ ಮೊದಲೇ ಅಲ್ಲಿ ಎದ್ದಿತ್ತು. ಯಾವ ಪಕ್ಷದವರು ಮೈಕು ಹಿಡಿದರೂ ಶುರುವಿಗೆ ಕಲ್ಯಾಣ, ಕೊನೆಗೆ ಕಲ್ಯಾಣ.

ಮಿತ್ರರೆ, ಇದಕ್ಕೆ ನಮ್ಮ ವಿರೋಧ ಏನೂ ಇಲ್ಲ. ನಮ್ಮ ಪ್ರಶ್ನೆ ಒಂದೇ: ಯಾವ ಕಲ್ಯಾಣ?

ಯಾಕೆಂದರೆ ಆ ಊರಲ್ಲಿ ಎರಡು ಕಲ್ಯಾಣ ಇದ್ದವು. ಅರಮನೆಯ ಕಲ್ಯಾಣ ಒಂದು ಪುಸ್ತಕ ಬರೆಯಿತು. ಕೇರಿಯ ಕಲ್ಯಾಣ, ದುಡಿಯೋ ಜನರ ಕಲ್ಯಾಣ, ಇನ್ನೊಂದು ಬರೆಯಿತು. ಐವತ್ತು ಅರವತ್ತು ವರ್ಷದ ಅಂತರದಲ್ಲಿ ಒಂದೇ ಪಟ್ಟಣದಲ್ಲಿ ಹುಟ್ಟಿದ ಈ ಎರಡು ಒಂದಕ್ಕೊಂದು ಹಗೆ. ಆದರೆ ಕ್ಲಾಸಿನಲ್ಲಿ ನಮಗೆ ಎರಡನ್ನೂ ಒಂದೇ ಉಸುರಿಗೆ 'ಕಲ್ಯಾಣದ ಸಾಂಸ್ಕೃತಿಕ ಕೊಡುಗೆ' ಅಂತ ನೋಟ್ಸ್ ಬರೆಸ್ತಾರೆ. ಐದು ಮಾರ್ಕಿನ ಪ್ರಶ್ನೆಗೆ ವಿಜ್ಞಾನೇಶ್ವರನೂ ಆಗ್ತಾನೆ, ಹರಳಯ್ಯನೂ ಆಗ್ತಾನೆ. ಕೊಂದವನ ಪುಸ್ತಕ, ಸತ್ತವನ ಮಾತು ಎರಡನ್ನೂ ಒಂದೇ ಮೆರವಣಿಗೆಯಲ್ಲಿ ಹೊರಡಿಸೋದು ಎಂಥ ನ್ಯಾಯ?

ಮೊದಲು ಅರಮನೆಯ ಕಡೆ ಹೋಗೋಣ. ಚಾಲುಕ್ಯರ ಮೊದಲ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಮಳಖೇಡ. ಹನ್ನೊಂದನೇ ಶತಮಾನದ ನಡುವಿನಲ್ಲಿ ಒಂದನೇ ಸೋಮೇಶ್ವರ ಅದನ್ನ ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ ಸ್ವಂತ ಅಣ್ಣನನ್ನೇ ಇಳಿಸಿ 1076ರಲ್ಲಿ ಗದ್ದುಗೆ ಹತ್ತಿದ, ಐವತ್ತು ವರ್ಷ ಆಳಿದ. ಇದ್ದ ಶಕವರ್ಷ ಸಾಲದು ಅಂತ ತನ್ನ ಹೆಸರಿನದೇ ಒಂದು ವರ್ಷದ ಎಣಿಕೆ ಶುರು ಮಾಡಿಸಿದ. ಆಮೇಲೆ ಆ ಕೋಟೆ ಬಹಮನಿಗಳು, ಬಿಜಾಪುರದವರು, ಮೊಗಲರು, ನಿಜಾಮನ ಕೈಕೆಳಗಿನ ನವಾಬರು ಅಂತ ಕೈಯಿಂದ ಕೈಗೆ ಹೋಯಿತು. ಚಾಲುಕ್ಯರ ಅರಮನೆ ಹುಡುಕಿದರೆ ಈಗ ಸಿಗೋದಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿ ಗೋಡೆಯಲ್ಲಿ ಮಾತ್ರ ಒಬ್ಬಳು ಶಿಲಾಬಾಲಿಕೆ ಇವತ್ತಿಗೂ ಏನೋ ಬರೀತಾ ನಿಂತಿದ್ದಾಳೆ. ಏನು ಬರೀತಿದ್ದಾಳೆ ಅಂತ ನೋಡಿದರೆ ವಿಕ್ರಮಾದಿತ್ಯನ ಹೊಗಳಿಕೆ! ಹೆಣ್ಣಿನ ಕೈಗೆ ಬರೆಯೋ ಕಡ್ಡಿ ಕೊಟ್ಟರು, ಅದೂ ಕಲ್ಲಿನ ಹೆಣ್ಣಿಗೆ, ಅದೂ ರಾಜನನ್ನ ಹೊಗಳೋದಕ್ಕೆ.

ಹೊಗಳೋದಕ್ಕೆ ದೂರದ ಕಾಶ್ಮೀರದಿಂದಲೂ ಜನ ಬಂದರು. ಬಿಲ್ಹಣ ಅನ್ನೋ ಕವಿ ಊರೂರು ಸುತ್ತಿ ಕಲ್ಯಾಣ ಸೇರಿ ವಿಕ್ರಮಾಂಕದೇವಚರಿತ ಅಂತ ಹದಿನೆಂಟು ಸರ್ಗದ ಸಂಸ್ಕೃತ ಕಾವ್ಯ ಬರೆದ. ಅಣ್ಣನನ್ನ ಇಳಿಸಿದ್ದು ಕೂಡ ಅದರಲ್ಲಿ ಧರ್ಮವೇ ಆಗಿಬಿಟ್ಟಿದೆ. ಅವನಿಗೆ ವಿದ್ಯಾಪತಿ ಅಂತ ಬಿರುದು ಸಿಕ್ಕಿತು, ಕೊಡೆ ಸಿಕ್ಕಿತು, ಆನೆ ಸಿಕ್ಕಿತು. ಆನೆಯ ಮಾತು ನೆನಪಿರಲಿ. ಅದೇ ಊರಲ್ಲಿ ಆಮೇಲೆ ಬೇರೆ ಇಬ್ಬರಿಗೂ ಆನೆಯ ಗತಿ ಬಂತು, ಅದನ್ನ ಮುಂದೆ ಹೇಳ್ತೀವಿ.

ಬಿಲ್ಹಣನಿಂದ ನಮಗೆ ದೊಡ್ಡ ನಷ್ಟವೇನೂ ಆಗಲಿಲ್ಲ. ಅವನ ಕಾವ್ಯದ ಓಲೆ ಎಲ್ಲೋ ಜೈಸಲ್ಮೇರಿನಲ್ಲಿ ಬಿದ್ದಿತ್ತು, 1874ರಲ್ಲಿ ಬ್ಯೂಲರ್ ಅನ್ನೋ ಜರ್ಮನ್ ಪಂಡಿತರು ಅದನ್ನ ಹುಡುಕಿ ತೆಗೆದರು. ನಮ್ಮ ಮೈಮೇಲೆ ಬಿದ್ದದ್ದು ಇನ್ನೊಂದು ಪುಸ್ತಕ. ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ ಅದು. ಕೊನೆಯಲ್ಲಿ ಕಲ್ಯಾಣಕ್ಕೆ ಸಾಟಿಯಾದ ಪಟ್ಟಣ ಮೂರು ಕಾಲಕ್ಕೂ ಇಲ್ಲ ಅಂತ ಊರನ್ನೂ ರಾಜನನ್ನೂ ಹೊಗಳಿ ಮುಗಿಸಿದ್ದಾನೆ. ನಮ್ಮ ಮೇಷ್ಟ್ರುಗಳು ಹೆಮ್ಮೆಯಿಂದ ಹೇಳೋದು ಈ ಹೊಗಳಿಕೆಯನ್ನ. ಒಳಗೆ ಏನಿದೆ ಅಂತ ಹೇಳೋದಿಲ್ಲ.

ಒಳಗೆ ಲೆಕ್ಕ ಇದೆ. ಒಬ್ಬ ಬ್ರಾಹ್ಮಣನಿಗೆ ನಾಲ್ಕು ವರ್ಣದ ಹೆಂಡಿರಲ್ಲಿ ಮಕ್ಕಳು ಹುಟ್ಟಿದರೆ ಬ್ರಾಹ್ಮಣಿಯ ಮಗನಿಗೆ ನಾಲ್ಕು ಪಾಲು, ಕ್ಷತ್ರಿಯಳ ಮಗನಿಗೆ ಮೂರು, ವೈಶ್ಯಳ ಮಗನಿಗೆ ಎರಡು, ಶೂದ್ರಳ ಮಗನಿಗೆ ಒಂದು. ಅಪ್ಪ ಒಬ್ಬನೇ, ಪಾಲು ಬೇರೆ ಬೇರೆ. ದಾಸಿಯಲ್ಲಿ ಹುಟ್ಟಿದವನ ಕಥೆ ಏನು? ಅಪ್ಪ ಶೂದ್ರನಾದರೆ ಅವನ ಮನಸ್ಸು ಬಂದಷ್ಟು ಪಾಲು ಸಿಗಬಹುದು. ಅಪ್ಪ ದ್ವಿಜನಾದರೆ ಅವನೇ ಕೊಡ್ತೀನಿ ಅಂದರೂ ಪಾಲಿಲ್ಲ. ಹೇಳಿದ ಮಾತು ಕೇಳಿಕೊಂಡು ಬಿದ್ದಿದ್ದರೆ ಹೊಟ್ಟೆಗೆ ಅನ್ನ, ಅಷ್ಟೇ. ಗೌಡರ, ಕುಲಕರ್ಣಿಗಳ, ಜೋಡಿದಾರರ ಹೊಲಮನೆಗಳಲ್ಲಿ ನಮ್ಮ ಅಜ್ಜಿಯರಿಗೆ, ಅವರ ಮಕ್ಕಳಿಗೆ ಏನಾಯಿತು ಅಂತ ಗೊತ್ತಿರುವವರಿಗೆ ಈ ಸಾಲಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದಿದೆ. ವಿಜ್ಞಾನೇಶ್ವರ ಟೀಕೆ ಬರೆದ ಆ ಸ್ಮೃತಿಯಲ್ಲಿ, ಮೇಲಿನ ವರ್ಣದ ಹೆಣ್ಣನ್ನ ಕೂಡಿದ ಕೆಳಗಿನ ವರ್ಣದ ಗಂಡಿಗೆ ಸಾವು. ಹೆಣ್ಣಿಗೆ ಕಿವಿ ಮೊದಲಾದ್ದನ್ನ ಕತ್ತರಿಸೋದು. ಅದೇ ಗಂಡು ಮೇಲಿನವ, ಹೆಣ್ಣು ಕೆಳಗಿನವಳು ಆದರೆ ದಂಡ ಕಟ್ಟಿದರೆ ಮುಗೀತು. ಈ ಮಾತನ್ನೂ ಆನೆಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ರಾಜ್ಯ ಹೋಯಿತು, ಪುಸ್ತಕ ಹೋಗಲಿಲ್ಲ. ಹಿಂದೂಗಳಿಗೆ ಅವರ ಶಾಸ್ತ್ರದ ಪ್ರಕಾರ ನ್ಯಾಯ ಅಂತ ಇಂಗ್ಲಿಷರು ಹೊರಟಾಗ ಅವರ ಕೈಗೆ ಸಿಕ್ಕಿದ್ದು ಕಲ್ಯಾಣದ ಈ ಪುಸ್ತಕ. 1810ರಲ್ಲಿ ಕೋಲ್‌ಬ್ರೂಕ್ ಆಸ್ತಿ ಪಾಲಿನ ಭಾಗವನ್ನ ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಬಿಟ್ಟು ಮಿಕ್ಕ ದೇಶದ ಬಹುಭಾಗಕ್ಕೆ ಮಿತಾಕ್ಷರವೇ ಕಾನೂನು ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟುತ್ತಲೇ ಹಕ್ಕು, ಹೆಣ್ಣುಮಗುವಿಗೆ ಇಲ್ಲ. ಆಸ್ತಿ ಗಂಡಿನಿಂದ ಗಂಡಿಗೆ, ಜಾತಿಯ ಒಳಗೇ ಸುತ್ತುತ್ತಿರಬೇಕು. ಹೊಲ ಯಾಕೆ ಎಂದೂ ನಮ್ಮ ಕೇರಿ ಕಡೆ ಬರಲಿಲ್ಲ ಅನ್ನೋದಕ್ಕೆ ಕಾರಣ ಹತ್ತಾರು ಇರಬಹುದು, ಅದರಲ್ಲಿ ಇದೂ ಒಂದು.

ಈ ಗೋಡೆಗೆ ಮೊದಲ ಹಾರೆ ಹಾಕಿದವರು ಯಾರು? ಬಾಬಾಸಾಹೇಬರು. 1948ರ ಏಪ್ರಿಲ್‌ನಲ್ಲಿ ಹಿಂದೂ ಕೋಡ್ ಬಿಲ್ ಬಗ್ಗೆ ಸದನದಲ್ಲಿ ಮಾತಾಡುವಾಗ ಅವರು ಮಿತಾಕ್ಷರದ ಹೆಸರು ಹಿಡಿದೇ ಹೇಳಿದರು. ಹುಟ್ಟಿನ ಹಕ್ಕು ಹೋಗಬೇಕು, ಆಸ್ತಿ ಯಾರಿಗೆ ಬಂತೋ ಅವರದಾಗಬೇಕು, ಹೆಂಡತಿಗೆ ಮಗಳಿಗೆ ಪಾಲು ಬರಬೇಕು ಅನ್ನೋದು ಅವರ ಬಿಲ್ಲಿನ ತಿರುಳು. ಜುಟ್ಟು ಜನಿವಾರದವರೆಲ್ಲ ಎದ್ದು ಕೂಗಿದರು. ಬಿಲ್ಲು ಮೂಲೆಗೆ ಬಿತ್ತು. 1951ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಸಾಕಿ ಹೊರಗೆ ಬಂದರು, ಕಾರಣಗಳಲ್ಲಿ ದೊಡ್ಡದು ಇದೇ. 1956ರಲ್ಲಿ ಬಂದ ಉತ್ತರಾಧಿಕಾರ ಕಾಯಿದೆ ಕೂಡ ಮಿತಾಕ್ಷರದ ಕೂಡುಕುಟುಂಬಕ್ಕೆ ಕೈ ಹಾಕಲಿಲ್ಲ. ಅದರಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕು ಅಂತ ದೇಶಕ್ಕೆಲ್ಲ ಕಾನೂನಾದದ್ದು 2005ರಲ್ಲಿ. ಲೆಕ್ಕ ಹಾಕಿ, ಕಲ್ಯಾಣದ ಅರಮನೆ ಕುಸಿದ ಮೇಲೂ ಅದರ ಪುಸ್ತಕ ಎಂಟುನೂರು ವರ್ಷದ ಮೇಲೆ ಉಸಿರಾಡಿದೆ. 'ಇತಿಹಾಸ ಹಳೇದು ಬಿಡ್ರಿ' ಅನ್ನುವ ಗೆಳೆಯರಿಗೆ ಇದನ್ನ ಹೇಳಿ.

ಅರಮನೆಯ ಅಡುಗೆಮನೆಯನ್ನೂ ಒಮ್ಮೆ ಇಣುಕಿ ನೋಡೋಣ, ತಮಾಷೆ ಇದೆ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಮಾನಸೋಲ್ಲಾಸ ಅಂತ ನೂರು ಅಧ್ಯಾಯದ ಗ್ರಂಥ ಮಾಡಿದ. ರಾಜ ಏನು ಉಡಬೇಕು, ಹೇಗೆ ಮೀಯಬೇಕು, ಆನೆ ಹೇಗೆ ಹಿಡಿಯಬೇಕು, ಏನು ಉಣ್ಣಬೇಕು, ಎಲ್ಲ ಇದೆ. ಇಡ್ಲಿ ದೋಸೆಗಳ ಹಳೇ ಹೆಸರು ಸಿಕ್ಕವು ಅಂತ ಪತ್ರಿಕೆಗಳಲ್ಲಿ ಆಗಾಗ ಬರೀತಾರಲ್ಲ, ಇದೇ ಗ್ರಂಥ. ಆದರೆ ಅದೇ ಅಧ್ಯಾಯದಲ್ಲಿ ಹಂದಿ ಮಾಂಸವೂ ಇದೆ, ಹೊಲದ ಬದುವಿನ ಇಲಿಯೂ ಇದೆ. ಇಲಿಯ ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ, ಕೂದಲು ಕಳೆದು, ಬಿಸಿನೀರಲ್ಲಿ ತೊಳೆದು, ಹೊಟ್ಟೆ ಸೀಳಿ ಬೇಯಿಸೋ ರೀತಿಯನ್ನ ಚಕ್ರವರ್ತಿ ಸಂಸ್ಕೃತದಲ್ಲಿ ಬರೆಸಿದ್ದಾನೆ. ಸುಗ್ಗಿಯ ಗದ್ದೆಯಲ್ಲಿ ಇಲಿ ಹಿಡಿದು ಸುಟ್ಟು ತಿಂದ ನಮ್ಮ ಹಟ್ಟಿ ಹುಡುಗರನ್ನ ಮಾತ್ರ ಸ್ಕೂಲಲ್ಲಿ ಕಿಸಕ್ಕಂತ ನಗ್ತಾ ದೂರ ಕೂರಿಸಿದರು. ರಾಜ ತಿಂದರೆ ಪಾಕಶಾಸ್ತ್ರ, ನಾವು ತಿಂದರೆ ಹೊಲಸು.

ಈ ಪ್ರಶ್ನೆಯನ್ನ ಆ ಕಾಲದಲ್ಲೇ ಒಬ್ಬಳು ಕೇಳಿದ್ದಳು. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ. ಗಂಡ ಹೆಂಡತಿ ಇದ್ದದ್ದು ಕಂಧಾರದ ಕಡೆ ಅಂತ ಪ್ರತೀತಿ, ಆದರೆ ಮಾತು ಕಲ್ಯಾಣದ ದಾರಿಯ ಮಾತೇ. ಕುರಿ ಕೋಳಿ ಮೀನು ತಿನ್ನೋರು ಉತ್ತಮ ಕುಲ ಹೇಗಾದರು, ದನ ತಿನ್ನೋ ಮಾದಿಗ ಕೀಳು ಹೇಗಾದ ಅನ್ನೋ ಅರ್ಥದ ವಚನ ಅವಳದು. ಮಾತು ಅಲ್ಲಿಗೇ ನಿಲ್ಲೋದಿಲ್ಲ, ಮಾದಿಗ ಹದ ಮಾಡಿದ ಚರ್ಮ ಯಾವ ಯಾವ ಮೇಲುಜಾತಿಯ ಬಳಕೆಗೆ ಹೋಗುತ್ತೆ ಅಂತ ಬಿಚ್ಚಿ ಇಡ್ತಾಳೆ. ಮಾನಸೋಲ್ಲಾಸದ ಪಕ್ಕದಲ್ಲಿ ಇದನ್ನಿಟ್ಟು ಓದಿ. ಪಾಠ ಮಾಡೋರು ಯಾಕೆ ಹಾಗೆ ಇಟ್ಟು ಓದಿಸೋದಿಲ್ಲ ಅಂತ ಆಮೇಲೆ ಅವರನ್ನೇ ಕೇಳಿ.

ಇನ್ನು ಎರಡನೇ ಕಲ್ಯಾಣ. 1157ರ ಹೊತ್ತಿಗೆ ಚಾಲುಕ್ಯರ ಕೈಕೆಳಗಿದ್ದ ಕಳಚುರಿ ಬಿಜ್ಜಳ ರಾಜಧಾನಿಯನ್ನ ಕಿತ್ತುಕೊಂಡ. ಅವನ ಭಂಡಾರಿ ಬಸವಣ್ಣ. ಈ ಹತ್ತು ವರ್ಷದಲ್ಲಿ ಆದದ್ದನ್ನ ಎಲ್ಲರೂ ಬಲ್ಲರು ಅಂದುಕೊಂಡಿದೀವಿ, ಹಾಗಾಗಿ ಪೂರ್ತಿ ಕಥೆ ಹೇಳೋದಿಲ್ಲ. ಒಂದನ್ನ ಮಾತ್ರ ನೋಡಿ: ಸಂಸ್ಕೃತದ ಆ ಊರಲ್ಲಿ ದುಡಿಯೋರ ಬಾಯಿಗೆ ಕನ್ನಡ ಬಂತು, ತಂತಮ್ಮ ಕೆಲಸದ ಹೆಸರನ್ನ ಜೊತೇಲೇ ಇಟ್ಟುಕೊಂಡು ಬಂತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ. ಭತ್ತ ಕುಟ್ಟೋ ಕೊಟ್ಟಣದ ಸೋಮವ್ವೆ, ನೂಲೋ ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಗಂಡ ಒಂದು ದಿನ ಹೆಚ್ಚಿಗೆ ತಂದದ್ದಕ್ಕೆ ವಾಪಸು ಸುರಿದು ಬಾ ಅಂದ ಆಯ್ದಕ್ಕಿ ಲಕ್ಕಮ್ಮ. ವಚನ ಬರೆದ ಹೆಂಗಸರೇ ಮೂವತ್ತಕ್ಕೂ ಮೇಲೆ ಇದ್ದಾರೆ. ಜಲಸಂಗಿಯ ಕಲ್ಲಿನ ಹೆಣ್ಣಿನ ಪಕ್ಕದಲ್ಲಿ ಇವರನ್ನ ನಿಲ್ಲಿಸಿ ನೋಡಿ. ಇವರಿಗೆಲ್ಲ ಹಿರಿಯ ಮಾದಾರ ಚೆನ್ನಯ್ಯ. ಅವನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಬರ್ತಾವೆ, ಎಲ್ಲ ಚಮ್ಮಾರನ ಸಾಮಾನು. ದೇವರನ್ನ ಕರೆಯೋವಾಗ ತನ್ನ ಕಸುಬಿನ ಉಳಿ ಕತ್ತಿಯನ್ನ ಜೊತೆಗಿಟ್ಟುಕೊಂಡು ಕರೆದ ಕವಿ ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ! ಬ್ರಾಹ್ಮಣನಾಗಿ ಹುಟ್ಟಿದ ಬಸವಣ್ಣ ತಾನು ಈ ಚೆನ್ನಯ್ಯನ, ಕಕ್ಕಯ್ಯನ ಮನೆತನದವನು ಅಂತ ಹೇಳಿಕೊಂಡ. ಹಾಗೆ ಹೇಳೋದಕ್ಕೆ ಇವತ್ತು ಕೂಡ ಧೈರ್ಯ ಬೇಕು.

ಆಮೇಲೆ ಆ ಮದುವೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ತಂದುಕೊಂಡರು. ಬಿಜ್ಜಳ ಹರಳಯ್ಯ ಮಧುವರಸರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ. ಎಳೆಹೂಟೆ ಅಂತ ಅದಕ್ಕೆ ಹೆಸರು. ಕಲ್ಯಾಣದಲ್ಲಿ ರಕ್ತ ಹರಿಯಿತು, ಬಿಜ್ಜಳನೂ ಕೊಲೆಯಾದ, ಶರಣರು ದಿಕ್ಕಾಪಾಲಾದರು. ಇದು ಪುರಾಣಗಳು ಹೇಳುವ ಕಥೆ. ಪುರಾಣದಿಂದ ಪುರಾಣಕ್ಕೆ ವಿವರ ಬೇರೆಯಾಗುತ್ತೆ, ಹಳೆಯದರಲ್ಲಿ ಕಣ್ಣು ಕಿತ್ತದ್ದಿದೆ, ಮದುವೆಯ ಮಾತು ಬರೋದು ಆಮೇಲಿನವುಗಳಲ್ಲಿ. ರಾಜರು ಇದನ್ನ ಕಲ್ಲಿನಲ್ಲಿ ಕೊರೆಸಲಿಲ್ಲ, ಯಾಕೆ ಕೊರೆಸ್ತಾರೆ? ವಿಕ್ರಮಾದಿತ್ಯನ ಕಾಲದ ಶಾಸನಗಳು ನೂರುಗಟ್ಟಲೆ ಸಿಗ್ತಾವೆ. ಬಸವಣ್ಣನ ಹೆಸರಿರುವ ಅರ್ಜುನವಾಡದ ಶಾಸನ 1260ರದು, ಅವನು ಸತ್ತು ಸುಮಾರು ನೂರು ವರ್ಷಕ್ಕೆ.

ನಮಗೆ ಗೊತ್ತಿರುವ ಎಲ್ಲ ಪಾಠಗಳಲ್ಲಿ ಈ ಕೊಲೆಯನ್ನ ಬಿಜ್ಜಳನ ಸಿಟ್ಟು ಅಂತ ಹೇಳ್ತಾರೆ. ಕಿವಿ ಚುಚ್ಚಿದ ಕೆಲವರು, ತಲೆ ಕೆಟ್ಟ ರಾಜ, ಮುಗೀತು ಕಥೆ. ನಮ್ಮ ಅಭಿಪ್ರಾಯ ಬೇರೆ. ಗಂಡು ಕೆಳಗಿನವ, ಹೆಣ್ಣು ಮೇಲಿನವಳು ಆದರೆ ಸಾವು ಅನ್ನೋ ಬರಹಕ್ಕೆ ಅದೇ ಊರಲ್ಲಿ ಟೀಕೆ ಬರೆದು, ರಾಜನ ಮುಂದಿಟ್ಟು, ಶಾಲು ಹೊದಿಸಿಕೊಂಡು ಎಷ್ಟು ವರ್ಷ ಆಗಿತ್ತು? ಐವತ್ತೋ ಅರವತ್ತೋ. ಬಿಜ್ಜಳ ಸಿಟ್ಟಿನಲ್ಲಿ ಹೊಸದಾಗಿ ಏನನ್ನೂ ಮಾಡಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನ ಮಾಡಿದ, ಸ್ವಲ್ಪ ಹೆಚ್ಚಿಗೆ ಮಾಡಿ ಅಪ್ಪಂದಿರನ್ನ ಕೊಂದ. ಕವಿಯನ್ನ ಹೊತ್ತ ಊರಿನ ಆನೆ ಸಮಗಾರನನ್ನ ಎಳೆಯಿತು. ಇದು ಒಬ್ಬ ರಾಜನ ಗುಣದ ಮಾತಲ್ಲ ಅಂತ ತಿಳಿದವರಿಗೆ ಮಾತ್ರ ಇವತ್ತಿನದೂ ಅರ್ಥವಾಗುತ್ತೆ. ಮೇಲುಜಾತಿ ಹುಡುಗಿಯನ್ನ ಪ್ರೀತಿಸಿದ ನಮ್ಮ ಹುಡುಗನ ಹೆಣ ರೈಲಿನ ಕಂಬಿ ಮೇಲೋ ಕಬ್ಬಿನ ಗದ್ದೆಯಲ್ಲೋ ಸಿಕ್ಕಾಗ 'ಮರ್ಯಾದೆ' ಅನ್ನೋ ಹೆಸರಿಡ್ತಾರೆ. ಹುಡುಗಿಯನ್ನ ಕೊಂದವರು ಸ್ವಂತ ಅಪ್ಪ ಅಣ್ಣ. ಅವರಲ್ಲಿ ಒಬ್ಬರೂ ಮಿತಾಕ್ಷರ ಓದಿದವರಲ್ಲ. ಓದಬೇಕಾದ್ದೂ ಇಲ್ಲ, ಅದು ರಕ್ತಕ್ಕಿಳಿದಿದೆ.

ಹರಳಯ್ಯನ ಬಗ್ಗೆ ಇನ್ನೊಂದು ಕಥೆ ಇದೆ. ಬಸವಣ್ಣ ತನಗೆ ಶರಣು ಅಂದದ್ದಕ್ಕೆ ಪ್ರತಿಯಾಗಿ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಮೆಟ್ಟು ಹೊಲಿದುಕೊಟ್ಟರು ಅಂತ. ಕ್ಯಾಲೆಂಡರಿನಲ್ಲಿ, ನಾಟಕದಲ್ಲಿ, ಜಯಂತಿಯ ಭಾಷಣದಲ್ಲಿ ಬರೋದು ಈ ಕಥೆ. ನಮಗೆ ಇದರ ಮೇಲೆ ಅನುಮಾನ ಇದೆ. ತೊಡೆ ಸುಲಿದುಕೊಡೋ ಹರಳಯ್ಯ ಎಲ್ಲರಿಗೂ ಬೇಕು, ಬೀಗರಾಗೋ ಹರಳಯ್ಯ ಯಾರಿಗೂ ಬೇಡ. ಭಕ್ತಿಯಿಂದ ಚರ್ಮ ಕೊಟ್ಟ ಅಂತ ಕೈಮುಗಿಯೋದು ಸುಲಭ. ನಿಮ್ಮ ಮನೆ ಹೆಣ್ಣು ನಮ್ಮ ಮನೆಗೆ ಬರಲಿ ಅಂದ ಅಂತ ಹೇಳೋಕೆ ವೇದಿಕೆ ಮೇಲಿನವರ ನಾಲಿಗೆ ಹೊರಳೋದಿಲ್ಲ. ಈ ವಿಚಾರದಲ್ಲಿ ನಾಟಕಕಾರರು ಪಾಠ ಮಾಡೋರಿಗಿಂತ ಎಷ್ಟೋ ವಾಸಿ. ಲಂಕೇಶರ ಸಂಕ್ರಾಂತಿ, ಶಿವಪ್ರಕಾಶರ ಮಹಾಚೈತ್ರ, ಕಾರ್ನಾಡರ ತಲೆದಂಡ ಮೂರನ್ನೂ ಓದಿ ಜಗಳ ಆಡಿ.

ಪುಸ್ತಕದ ವಿಷಯಕ್ಕೆ ಮರಳೋಣ. ಮಿತಾಕ್ಷರವನ್ನ ಉಳಿಸೋಕೆ ಯಾರೂ ಸಾಯಬೇಕಾಗಲಿಲ್ಲ. ಪಾಠಶಾಲೆ ಇತ್ತು, ಅಗ್ರಹಾರ ಇತ್ತು, ಆಮೇಲೆ ಹೈಕೋರ್ಟು ಇತ್ತು. ವಚನದ ಕಟ್ಟುಗಳನ್ನ ತಲೆ ಮೇಲೆ ಹೊತ್ತು ಶರಣರು ಉಳವಿಯ ಕಾಡಿನ ಕಡೆ ಓಡಿದರು ಅನ್ನುತ್ತೆ ಜನಪದದ ನೆನಪು. ಹಿಂದೆ ಬಿದ್ದ ಸೈನ್ಯವನ್ನ ತಡೆಯುತ್ತ ಡೋಹರ ಕಕ್ಕಯ್ಯ ಸತ್ತ ಜಾಗ ಅಂತ ಖಾನಾಪುರ ತಾಲ್ಲೂಕಿನ ಕಕ್ಕೇರಿಯನ್ನ ಈಗಲೂ ತೋರಿಸ್ತಾರೆ. ಚರ್ಮ ಹದ ಮಾಡೋ ಮನುಷ್ಯ ಓಲೆಗರಿಗಾಗಿ ಸತ್ತ. ಅವನವೇ ಅಂತ ಉಳಿದ ವಚನಗಳು ಬೆರಳೆಣಿಕೆಯಷ್ಟು. ಆಮೇಲೆ ಎಷ್ಟೋ ಶತಮಾನ ಓಲೆಗಳು ಮಠದ ಗಂಟಿನಲ್ಲಿ, ಮನೆಯ ಅಟ್ಟದಲ್ಲಿ ಪೂಜೆ ಮಾಡಿಸಿಕೊಂಡು ಗೆದ್ದಲು ತಿನ್ನಿಸಿಕೊಂಡು ಇದ್ದವು. ಬಿಜಾಪುರದ ವಕೀಲರು ಫ.ಗು. ಹಳಕಟ್ಟಿಯವರು ಅವನ್ನ ಹುಡುಕಿ ಓದಿ 1923ರಲ್ಲಿ ವಚನಶಾಸ್ತ್ರಸಾರ ಅಂತ ಅಚ್ಚು ಹಾಕಿಸಿದರು. ಹೊಟ್ಟೆಪಾಡಿಗೆ ಮಿತಾಕ್ಷರದ ಕೋರ್ಟು, ಜೀವಕ್ಕೆ ವಚನ! ಸ್ವಂತಕ್ಕೊಂದು ಮನೆ ಇಲ್ಲದೆ ಬದುಕಿದರು ಆ ಪುಣ್ಯಾತ್ಮರು. ಎಲ್ಲ ವಚನಗಳನ್ನೂ ಸರ್ಕಾರದಿಂದ 15 ಸಂಪುಟಗಳಲ್ಲಿ ತಂದ ಕೆಲಸಕ್ಕೆ ಪ್ರಧಾನ ಸಂಪಾದಕರಾಗಿದ್ದ ಎಂ.ಎಂ. ಕಲಬುರ್ಗಿಯವರನ್ನ 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಈ ಪುಸ್ತಕದ ಹಣೆಬರಹ ಈಗಲೂ ಹಾಗೇ ಇದೆ.

ನಮ್ಮಲ್ಲೇ ಕೆಲವರು ಕೇಳ್ತಾರೆ: ವಚನ ಲಿಂಗಾಯತರ ಸೊತ್ತು, ನಮಗೆ ಯಾಕೆ? ಬುದ್ಧ, ಅಂಬೇಡ್ಕರ್ ಇದ್ದಾರಲ್ಲ, ಸಾಕು. ಈ ಸಿಟ್ಟಿಗೆ ಕಾರಣ ಇದೆ. ಜಾತಿ ಇಲ್ಲ ಅಂದವರ ಹೆಸರಲ್ಲೇ ಜಾತಿ ಆಯಿತು, ಒಳಜಾತಿ ಆಯಿತು, ಕಾಲೇಜು ಆಯಿತು, ಡೊನೇಶನ್ ಆಯಿತು. ಚೆನ್ನಯ್ಯನ ವಂಶದವರಿಗೆ ಎಷ್ಟೋ ಊರಲ್ಲಿ ಬಸವಣ್ಣನ ಗುಡಿಯ ಹೊಸಿಲು ದಾಟೋಕೂ ಬಿಡಲಿಲ್ಲ. ಇದೆಲ್ಲ ನಿಜ. ಆದರೆ ಬಿಟ್ಟುಕೊಟ್ಟರೆ ಕಳಕೊಳ್ಳೋದು ಯಾರು? ಕಕ್ಕಯ್ಯ ಸತ್ತದ್ದು ಇನ್ನೊಬ್ಬರ ಆಸ್ತಿಗೆ ಕಾವಲು ಕೂತು ಅಂತ ಆಗಿಬಿಡುತ್ತೆ. ಬಾಬಾಸಾಹೇಬರು ಒಡೆಯೋಕೆ ಹೋದ ಗೋಡೆಯನ್ನ ಅದು ಎದ್ದ ಊರಲ್ಲೇ ಮೊದಲು ಒಡೆಯೋಕೆ ಹೋಗಿ ಸತ್ತವರು ನಮ್ಮವರು. ಈ ನೆಂಟಸ್ತಿಕೆಯನ್ನ ಬೇರೆ ಯಾರೂ ನಮಗೆ ಹೇಳಿಕೊಡೋದಿಲ್ಲ.

ಹಾಗಾಗಿ ಹಾಸ್ಟೆಲಿನ ಗೆಳೆಯರಿಗೆ ಒಂದೆರಡು ಕೆಲಸ. ಬರುವ ಬಸವ ಜಯಂತಿಗೆ ವಾರ್ಡನ್ನರು ಹಾರ, ಪಾಯಸ ಅಂತ ಹೊರಟಾಗ ಕಾಳವ್ವೆಯ ಆ ವಚನವನ್ನ ಒಬ್ಬರು ಎದ್ದು ಗಟ್ಟಿಯಾಗಿ ಪೂರ್ತಿ ಓದಿ. ಲೈಬ್ರರಿಯಲ್ಲಿ 15 ಸಂಪುಟ ಇದ್ದಾವೋ ಕೇಳಿ, ಇಲ್ಲದಿದ್ದರೆ ಅರ್ಜಿ ಹಾಕಿ, ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಸವಕಲ್ಯಾಣಕ್ಕೆ ಟೂರ್ ಹೋದವರು ಪ್ರತಿಮೆ ನೋಡಿ ಬಸ್ ಹತ್ತಬೇಡಿ. ಅಲ್ಲಿ ಹರಳಯ್ಯನ ಗವಿ ಅಂತ ಇದೆ, ನುಲಿಯ ಚಂದಯ್ಯನ ಗವಿ ಇದೆ. ಐನೂರು ಕೋಟಿಯ ಮಂಟಪದ ಯಾವ ಗೋಡೆಯಲ್ಲಿ ಹರಳಯ್ಯ ಮಧುವರಸರ ಮದುವೆಯನ್ನ, ಎಳೆಹೂಟೆಯನ್ನ ಬರೀತೀರಿ, ಏನಂತ ಬರೀತೀರಿ ಅಂತ ಬೀದರಿನ ಡೀಸಿಗೆ ಒಂದು ಕಾಗದ ಹಾಕೋಣ. ಬೆಳಗಾವಿ ಕಡೆಯವರಿಗೆ ಕಕ್ಕೇರಿ ದೂರವಲ್ಲ. ಹೋಗಿ ಬಂದವರು ನೋಡಿದ್ದನ್ನ ಎರಡು ಪುಟ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಜಾಗ ಇಟ್ಟಿರ್ತೀವಿ.